ಏಳು ಸಾವು, ಆರು ರಚನೆ

ನಾನು ಚಿಕ್ಕವನಿದ್ದಾಗ ನಮ್ಮಜ್ಜ ತೀರಿಕೊಂಡರು. ಚಟ್ಟದ ಮುಂದೆ ತಮಟೆಯವರು ಹೆಜ್ಜೆ ಹಾಕುತ್ತ ಬಾರಿಸುತ್ತಿದ್ದರು. ನನಗೆ ಸಿಟ್ಟು ಬಂತು. ಮನೆಯೊಳಗೆ ಅಳು, ಬೀದಿಯಲ್ಲಿ ಕುಣಿತ, ಇದೆಂಥ ಮರ್ಯಾದೆ ಎಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ಏನೂ ಹೇಳಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ತಲೆ ತಮಟೆಯ ಪೆಟ್ಟಿಗೆ ಸಣ್ಣಗೆ ತೂಗುತ್ತಿತ್ತು.

ಎಷ್ಟೋ ವರ್ಷಗಳ ನಂತರ ಅದೇ ಪ್ರಶ್ನೆ ಮತ್ತೆ ಎದುರಾದದ್ದು ಫ್ರಾನ್ಸಿನ ಸಂಗೀತಗಾರ ಮೊರೀಸ್ ರಾವೆಲ್‌ನ ‘ಲ ತೊಂಬೋ ದ ಕೂಪರಾಂ’ ಕೇಳಿದಾಗ. ತೊಂಬೋ ಎಂದರೆ ಸಮಾಧಿ. ತೀರಿಕೊಂಡವರ ನೆನಪಿಗೆ ವಾದ್ಯಸಂಗೀತ ರಚಿಸಿ ಅದಕ್ಕೆ ಈ ಹೆಸರಿಡುವುದು 17ನೇ ಶತಮಾನದಿಂದ ಫ್ರಾನ್ಸಿನಲ್ಲಿದ್ದ ಪದ್ಧತಿ. ಕೂಪರಾಂ ಹಳೆಯ ತಲೆಮಾರಿನ ಸಂಗೀತಗಾರ, 1733ರಲ್ಲಿ ತೀರಿಕೊಂಡವನು. ರಾವೆಲ್ ಇದನ್ನು 1914ರಲ್ಲಿ ಶುರುಮಾಡಿದಾಗ ಅವನ ಕಾಲದ ಸಂಗೀತಕ್ಕೆ ಗೌರವ ಸಲ್ಲಿಸುವುದಷ್ಟೇ ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು.

ರಾವೆಲ್‌ಗೆ ಆಗ 39 ವರ್ಷ. ಕುಳ್ಳ, ತೂಕವೂ ಕಡಿಮೆ. ಸೈನ್ಯ ಮೊದಲು ಬೇಡವೆಂದಿತು. ಆತ ಪಟ್ಟುಬಿಡದೆ ಕೊನೆಗೆ ಲಾರಿ ಚಾಲಕನಾಗಿ ಸೇರಿ, 1916ರಲ್ಲಿ ವರ್ಡನ್ ರಣರಂಗದ ಬಳಿ ಲಾರಿ ಓಡಿಸಿದ. ಕಾಯಿಲೆ ಬಿದ್ದ. 1917ರ ಜನವರಿಯಲ್ಲಿ ತಾಯಿ ತೀರಿಕೊಂಡಳು. ಮದುವೆಯಾಗದ ಅವನಿಗೆ ಆಕೆಯೇ ಮನೆ, ಆಕೆಯೇ ಲೋಕ. ಆ ವರ್ಷವೇ ಸೈನ್ಯದಿಂದ ಬಿಡುಗಡೆಯಾಗಿ ಬಂದು ಪಿಯಾನೋಗಾಗಿ ಬರೆಯುತ್ತಿದ್ದ ಈ ಕೃತಿಯನ್ನು ಮುಗಿಸಿದ.

ಅದರಲ್ಲಿ ಆರು ರಚನೆಗಳಿವೆ. ಒಂದೊಂದನ್ನೂ ಯುದ್ಧದಲ್ಲಿ ಸತ್ತ ಗೆಳೆಯರಿಗೆ ಅರ್ಪಿಸಿದ್ದಾನೆ. ಹೆಸರುಗಳು ಮಾತ್ರ ಏಳು. ಪಿಯೆರ್ ಮತ್ತು ಪಾಸ್ಕಲ್ ಗೊದಾಂ ಎಂಬ ಅಣ್ಣತಮ್ಮಂದಿರು 1914ರ ನವೆಂಬರಿನಲ್ಲಿ ಒಂದೇ ಷೆಲ್ಲಿಗೆ ಬಲಿಯಾದರು. ಹಾಗಾಗಿ ಇಬ್ಬರಿಗೂ ಸೇರಿ ಒಂದು ರಚನೆ.

ಅಲ್ಲಿ ಅಳು ಇರಬೇಕೆಂದು ಕಿವಿಗೊಟ್ಟರೆ ಸಿಗುವುದು ಕುಣಿತ. ಫೋರ್ಲಾನ್, ರಿಗೊಡೊನ್, ಮಿನ್ಯುಯೆಟ್ ಎಲ್ಲವೂ ಹಳೆಯ ನೃತ್ಯಗಳು. ಗೊದಾಂ ಸೋದರರಿಗೆ ಬರೆದ ರಿಗೊಡೊನ್ ಹಬ್ಬದ ದಿನದಂತೆ ಚಿಮ್ಮುತ್ತದೆ. ಆದರೆ ನಡುವೆ ವೇಗ ತಗ್ಗಿ, ದನಿ ಮಂಕಾಗಿ, ಯಾರೋ ಒಬ್ಬರೇ ಹೊಲದಲ್ಲಿ ಕೂತು ಊದಿದಂಥ ಸ್ವರ ಬರುತ್ತದೆ. ಮರುಕ್ಷಣ ಮತ್ತೆ ಕುಣಿತ. ಮಿನ್ಯುಯೆಟ್‌ನ ನಡುಭಾಗದಲ್ಲಿ ಮೆಲ್ಲಗೆ ಹೊರಟ ಸ್ವರಗಳು ಏರುತ್ತ ಹೋಗಿ ಒಮ್ಮೆ ಗಟ್ಟಿಯಾಗಿ ಕೂಗಿ ಅಡಗುತ್ತವೆ. ದುಃಖವನ್ನು ರಾವೆಲ್ ಇಟ್ಟಿರುವುದು ಇಲ್ಲಿ, ಹೆಜ್ಜೆಗಳ ಸಂದಿಯಲ್ಲಿ.

1919ರ ಏಪ್ರಿಲ್ 11ರಂದು ಪ್ಯಾರಿಸಿನಲ್ಲಿ ಇದನ್ನು ಮೊದಲು ನುಡಿಸಿದವಳು ಮಾರ್ಗರೀತ್ ಲಾಂಗ್. ಕೊನೆಯ ರಚನೆ ‘ತೊಕ್ಕಾತ’ ಅರ್ಪಿತವಾದದ್ದು 1914ರ ಆಗಸ್ಟಿನಲ್ಲಿ ಮಡಿದ ಅವಳ ಗಂಡ ಜೋಸೆಫ್ ದ ಮಾರ್ಲಿಯಾವ್‌ಗೆ. ಒಂದೇ ಸ್ವರವನ್ನು ಬೆರಳು ಬದಲಿಸಿ ಬದಲಿಸಿ ಬಡಿಯಬೇಕಾದ, ಎಚ್ಚರ ತಪ್ಪಿದರೆ ಕೈಬಿಡುವ ಕಷ್ಟದ ಸಂಗೀತ ಅದು. ಅಳುತ್ತ ನುಡಿಸಲು ಸಾಧ್ಯವೇ ಇಲ್ಲ. ಮೈನರ್ ಶ್ರುತಿಯಲ್ಲಿ ಹೊರಟು ಮೇಜರ್‌ನ ಬೆಳಕಿನಲ್ಲಿ ನಿಲ್ಲುತ್ತದೆ.

ಈ ಬೆಳಕು ಬರೀ ಸ್ವರಗಳ ಆಟವಲ್ಲ ಎಂದು ನಾನು ನಂಬುವುದಕ್ಕೆ ಕಾರಣವಿದೆ. 1916ರಲ್ಲಿ ಫ್ರೆಂಚ್ ಸಂಗೀತದ ರಕ್ಷಣೆಗೆಂದು ಒಂದು ಸಂಘ ಹುಟ್ಟಿತು. ಶತ್ರುದೇಶಗಳ ಹೊಸ ಸಂಗೀತವನ್ನು ಫ್ರಾನ್ಸಿನಲ್ಲಿ ನುಡಿಸಬಾರದೆಂಬುದು ಅದರ ಹಟ. ಸೈನಿಕನಾಗಿದ್ದ ರಾವೆಲ್ ಸೇರಲು ಒಪ್ಪಲಿಲ್ಲ. ಷೋನ್‌ಬರ್ಗ್ ಆಸ್ಟ್ರಿಯಾದವನೆಂಬ ಕಾರಣಕ್ಕೆ ಅವನ ಸಂಗೀತದ ಬೆಲೆ ಕುಂದುವುದಿಲ್ಲ, ಕಿವಿ ಮುಚ್ಚಿಕೊಂಡರೆ ಸೊರಗುವುದು ನಮ್ಮ ಸಂಗೀತವೇ ಎಂಬರ್ಥದಲ್ಲಿ ಕಾಗದ ಬರೆದ. ಗೆಳೆಯರು ಸಾಯುತ್ತಿದ್ದ ದಿನಗಳಲ್ಲಿ ಹಾಗೆ ಬರೆಯುವುದು ಸುಲಭವಿರಲಿಲ್ಲ.

ಯುದ್ಧ ಮುಗಿದ ಮೇಲೂ ಆತ ಆ ಮಾತಿಗೆ ತಪ್ಪಲಿಲ್ಲ. ಆಸ್ಟ್ರಿಯಾದ ಪಿಯಾನೋ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಅದೇ ಯುದ್ಧದಲ್ಲಿ, ಎದುರು ಪಾಳೆಯದಲ್ಲಿ, ಬಲಗೈ ಕಳೆದುಕೊಂಡಿದ್ದ. ಅವನು ಕೇಳಿದಾಗ ರಾವೆಲ್ ಎಡಗೈಯೊಂದರಿಂದಲೇ ನುಡಿಸುವ ಕಂಚೆರ್ಟೊ ಬರೆದುಕೊಟ್ಟ. 1932ರಲ್ಲಿ ವಿಯೆನ್ನಾದಲ್ಲಿ ಅದು ಮೊದಲು ಕೇಳಿಬಂತು.

ಈಗ ರಿಗೊಡೊನ್ ಕೇಳುವಾಗಲೆಲ್ಲ ಅಜ್ಜಿ ನೆನಪಾಗುತ್ತಾಳೆ. ಅವಳು ಉತ್ತರ ಕೊಡಲಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ತೂಗುತ್ತಿದ್ದ ಅವಳ ತಲೆಯನ್ನು ನೋಡಿಯೂ ನಾನು ಗಮನಿಸಿರಲಿಲ್ಲ.