ಹಗುರ ವಿಮಾನವೂ ಬಂಧುಮಿತ್ರರ ಗಗನವಿಹಾರವೂ

ರಾವಣವಧೆಯ ತರುವಾಯ ಶ್ರೀರಾಮನು ಪುಷ್ಪಕವಿಮಾನವನ್ನೇರಿ ಅಯೋಧ್ಯೆಗೆ ಹಿಂದಿರುಗಿದ ಕಥೆಯು ಕನ್ನಡನಾಡಿನ ಮನೆಮನೆಯಲ್ಲಿಯೂ ತಿಳಿದಿರತಕ್ಕದ್ದೇ. ಆ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದುಂಟು. ರಾಮನು ಒಬ್ಬನೇ ಹಾರಿ ಹೋಗಲಿಲ್ಲ. ಸೀತೆಯೂ ಲಕ್ಷ್ಮಣನೂ ಒಡನಿದ್ದರು. ಸುಗ್ರೀವ ವಿಭೀಷಣಾದಿ ಮಿತ್ರರೂ ಇದ್ದರು. ವಿಮಾನವು ಕಿಷ್ಕಿಂಧೆಯನ್ನು ಸೇರಿದಾಗ ಸೀತೆಯ ಇಚ್ಛೆಯಂತೆ ತಾರೆಯೇ ಮೊದಲಾದ ವಾನರಸ್ತ್ರೀಯರನ್ನೂ ಹತ್ತಿಸಿಕೊಂಡರೆಂದು ವಾಲ್ಮೀಕಿಯು ಹೇಳುತ್ತಾನೆ. ದಾರಿಯುದ್ದಕ್ಕೂ ರಾಮನು ಕೆಳಗೆ ಕಾಣುವ ಸೇತುವೆಯನ್ನೂ ಪಂಪೆಯನ್ನೂ ಗೋದಾವರಿಯನ್ನೂ ಸೀತೆಗೆ ತೋರಿಸುತ್ತ ಬಂದನು. ಆಕಾಶಯಾನದ ಸಂತೋಷವು ಹಾರುವುದರಲ್ಲಿ ಎಷ್ಟಿದೆಯೋ, ಕಂಡುದನ್ನು ತನ್ನವರಿಗೆ ತೋರಿಸುವುದರಲ್ಲಿಯೂ ಅಷ್ಟೇ ಇದೆಯೆಂಬುದನ್ನು ಆದಿಕವಿಯು ಬಲ್ಲವನಾಗಿದ್ದನು.

ಈ ಕಾಲದ ವಿಮಾನಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯುದ್ಧವನ್ನೂ ವ್ಯಾಪಾರವನ್ನೂ ಕುರಿತು ಹೇಳುವರು. ಅವೆರಡರ ನಡುವೆ ಮೂರನೆಯ ಧಾರೆಯೊಂದು ಸದ್ದಿಲ್ಲದೆ ಹರಿದುಬಂದಿದೆ. ಲಾಭವನ್ನಾಗಲಿ ಜಯವನ್ನಾಗಲಿ ಬಯಸದೆ, ಕೇವಲ ವಿನೋದಕ್ಕಾಗಿ, ಕೈಯಿಂದ ಎತ್ತಿ ಸಾಗಿಸಬಹುದಾದಷ್ಟು ಹಗುರವಾದ ಯಂತ್ರಗಳಲ್ಲಿ ಹಾರಿದವರ ಚರಿತ್ರೆಯದು. ಇಂತಹ ಯಂತ್ರಗಳಿಗೆ ಅಮೆರಿಕೆಯಲ್ಲಿ ಅಲ್ಟ್ರಾಲೈಟ್ ಎಂದೂ ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಮೈಕ್ರೋಲೈಟ್ ಎಂದೂ ಹೆಸರು. ಇವುಗಳ ಹುಟ್ಟುಬೆಳವಣಿಗೆಗಳನ್ನು ವಿಚಾರಿಸಿದರೆ ಎರಡು ಸಂಗತಿಗಳು ಕಂಡುಬರುತ್ತವೆ. ಒಂದು, ಇವು ಬಹುಮಟ್ಟಿಗೆ ಮನೆಯವರ ಮತ್ತು ಗೆಳೆಯರ ಕೂಟದಲ್ಲಿ ಹುಟ್ಟಿದುವು. ಮತ್ತೊಂದು, ಇವುಗಳ ಸುಖಕ್ಕೆ ಪ್ರಾಣದ ಬೆಲೆಯನ್ನು ತೆತ್ತವರು ಅನೇಕರು.

ಈ ಪರಂಪರೆಗೆ ಮೂಲಪುರುಷನು ಜರ್ಮನಿಯ ಓಟೋ ಲಿಲಿಯೆಂಥಾಲ್. ಈತನು ೧೮೪೮ರಲ್ಲಿ ಆಂಕ್ಲಾಮ್ ಎಂಬ ಊರಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿ ತಮ್ಮನಾದ ಗುಸ್ಟಾವನೊಡನೆ ಹೊಲಗಳಲ್ಲಿ ಕೊಕ್ಕರೆಗಳು ಗಾಳಿಗೆ ಎದುರಾಗಿ ಓಡಿ ಮೇಲೇಳುವುದನ್ನು ನೋಡುತ್ತಿದ್ದನು. ಅಣ್ಣತಮ್ಮಂದಿರಿಬ್ಬರೂ ಸೇರಿ ರೆಕ್ಕೆಗಳನ್ನು ಕಟ್ಟಿ ಪರೀಕ್ಷಿಸಿದರು. ದೊಡ್ಡವರಾದ ಮೇಲೂ ಆ ಪರೀಕ್ಷೆಗಳನ್ನು ಬಿಡಲಿಲ್ಲ. ಬರ್ಲಿನ್ನಿನಲ್ಲಿ ಯಂತ್ರದ ಕಾರ್ಖಾನೆಯನ್ನು ನಡೆಸುತ್ತಿದ್ದ ಓಟೋ, ೧೮೯೧ರಿಂದ ಬೆತ್ತದಂತೆ ಬಾಗುವ ವಿಲೋ ಕಡ್ಡಿಗಳಿಗೆ ಬಟ್ಟೆಯನ್ನು ಬಿಗಿದು ಮಾಡಿದ, ಸುಮಾರು ೨೦ ಕಿಲೋಗ್ರಾಂ ತೂಗುವ ರೆಕ್ಕೆಗಳನ್ನು ತೊಟ್ಟು ಗುಡ್ಡಗಳ ಮೇಲಿನಿಂದ ಜಾರಿ ಹಾರಲಾರಂಭಿಸಿದನು. ೧೮೯೪ರಲ್ಲಿ ಬರ್ಲಿನ್ನಿನ ಬಳಿ ೧೫ ಮೀಟರು ಎತ್ತರದ ಒಂದು ಕೃತಕ ದಿಬ್ಬವನ್ನೇ ಕಟ್ಟಿಸಿದನು. ಐದಾರು ವರ್ಷಗಳಲ್ಲಿ ಸುಮಾರು ೨೦೦೦ ಸಲ ಹಾರಿದನು. ಒಂದೊಂದು ಹಾರಾಟವೂ ಕೆಲವೇ ಕ್ಷಣಗಳದಾದ ಕಾರಣ ಆಕಾಶದಲ್ಲಿ ಆತನು ಕಳೆದ ಒಟ್ಟು ಕಾಲವು ಕೆಲವು ಗಂಟೆಗಳನ್ನು ಮೀರದು. ೧೮೯೬ನೆಯ ಆಗಸ್ಟ್ ೯ರ ಭಾನುವಾರ ಸ್ಟೋಲ್ನ್ ಎಂಬಲ್ಲಿ ರೆಕ್ಕೆಯು ಗಾಳಿಯಲ್ಲಿ ನಿಂತಂತಾಗಿ, ಆತನು ಸುಮಾರು ೧೫ ಮೀಟರು ಎತ್ತರದಿಂದ ಬಿದ್ದು ಮರುದಿನ ಮೃತನಾದನು. ಪತ್ನಿ ಆಗ್ನೆಸಳೂ ನಾಲ್ವರು ಮಕ್ಕಳೂ ಉಳಿದರು. ವಿನೋದದ ಹಾರಾಟದ ಚರಿತ್ರೆಯ ಮೊದಲ ಅಧ್ಯಾಯವು ಒಂದು ಮನೆಯ ಶೋಕದಲ್ಲಿ ಮುಗಿಯಿತೆಂಬುದನ್ನು ಮರೆಯಲಾಗದು.

ಆ ಮರಣದ ಸುದ್ದಿಯನ್ನೋದಿದ ಅಮೆರಿಕೆಯ ರೈಟ್ ಸಹೋದರರು ಅದೇ ವಿದ್ಯೆಯನ್ನು ಮುಂದುವರಿಸಿ, ೧೯೦೩ನೆಯ ಡಿಸೆಂಬರ್ ೧೭ರಂದು ಎಂಜಿನಿನ ಬಲದಿಂದ ಹಾರಿದ ವೃತ್ತಾಂತವು ಸುಪ್ರಸಿದ್ಧವಾಗಿದೆ. ಇಲ್ಲಿ ಹೇಳತಕ್ಕುದು ಅವರ ಗೃಹವೃತ್ತಾಂತವನ್ನು. ೧೮೭೮ರಲ್ಲಿ ತಂದೆ ಮಿಲ್ಟನ್ ರೈಟ್ ಮಕ್ಕಳಿಗೆ ತಂದುಕೊಟ್ಟ, ರಬ್ಬರಿನ ಎಳೆಯಿಂದ ಮೇಲೇಳುವ ಆಟಿಕೆಯೇ ಅವರ ಹಂಬಲಕ್ಕೆ ಬೀಜವಾಯಿತು. ಅವರ ತಂಗಿ ಕ್ಯಾಥರೀನಳು ೧೯೦೯ರಲ್ಲಿ ಫ್ರಾನ್ಸಿನ ಪೋ ಎಂಬಲ್ಲಿ ಅಣ್ಣ ವಿಲ್ಬರನೊಡನೆ ಹಾರಿದಳು. ಇಬ್ಬರು ಮಕ್ಕಳನ್ನೂ ಒಂದೇ ಅಪಘಾತದಲ್ಲಿ ಕಳೆದುಕೊಳ್ಳಬಾರದೆಂದು ತಂದೆಯು ಅವರು ಎಂದೂ ಜೊತೆಯಾಗಿ ಹಾರಕೂಡದೆಂದು ಕೇಳಿಕೊಂಡಿದ್ದನು. ೧೯೧೦ನೆಯ ಮೇ ೨೫ರಂದು ಮಾತ್ರ ಅನುಮತಿ ದೊರೆಯಿತು. ಸಹೋದರರು ಅಂದು ಒಂದೇ ಒಂದು ಸಲ ಕೂಡಿ ಹಾರಿದರು. ಅದೇ ದಿನ ೮೧ ವರ್ಷದ ತಂದೆಯನ್ನು ಆರ್ವಿಲನು ಕೂರಿಸಿಕೊಂಡು ಮೇಲೇರಿದಾಗ, ಆ ವೃದ್ಧನು ಅಂಜದೆ ಇನ್ನೂ ಎತ್ತರಕ್ಕೆ ಒಯ್ಯೆಂದನಂತೆ. ತಂದೆಯ ಭಯವೂ ತಂದೆಯ ಉತ್ಸಾಹವೂ ಒಂದೇ ದಿನದಲ್ಲಿ ಹೀಗೆ ಕಂಡುಬಂದುವು.

ಆದರೆ ರೈಟರ ಯಂತ್ರವು ಸಾಮಾನ್ಯ ಗೃಹಸ್ಥನಿಗೆ ನಿಲುಕತಕ್ಕದ್ದಾಗಿರಲಿಲ್ಲ. ಆಕಾಶವನ್ನು ಎಲ್ಲರಿಗೂ ಹಂಚಬೇಕೆಂಬ ಆಸೆಯನ್ನು ತೋರಿದವನು ಪ್ಯಾರಿಸಿನಲ್ಲಿ ನೆಲಸಿದ್ದ ಬ್ರೆಜಿಲ್ ದೇಶದ ಆಲ್ಬರ್ಟೊ ಸಾಂತೋಸ್ ದ್ಯುಮೊಂ. ಕಾಫಿ ತೋಟದ ಒಡೆಯನ ಮಗನಾದ ಈತನು ೧೯೦೩ರಲ್ಲಿ ತನ್ನ ಪುಟ್ಟ ವಾಯುನೌಕೆಯನ್ನು ಮನೆಯ ಮುಂದಿನ ಬೀದಿಗೇ ಇಳಿಸಿ, ಕಾಫಿ ಕುಡಿದು ಮತ್ತೆ ಹಾರಿಹೋದನು. ಆ ವರ್ಷದ ಜೂನ್ ತಿಂಗಳಿನಲ್ಲಿ ಐದಾ ದ ಆಕೋಸ್ತಾ ಎಂಬ ತರುಣಿಗೆ ಅದನ್ನು ನಡೆಸಲು ಕಲಿಸಿ ಒಬ್ಬಳನ್ನೇ ಕಳುಹಿಸಿದನು. ಎಂಜಿನುಳ್ಳ ಆಕಾಶವಾಹನವನ್ನು ನಡೆಸಿದ ಮೊದಲ ಹೆಂಗಸು ಆಕೆಯೇ. ಅನಂತರ ಬಿದಿರಿನ ಬೊಂಬುಗಳಿಂದ ದೆಮುಆಝೆಲ್ ಎಂಬ ವಿಮಾನವನ್ನು ಕಟ್ಟಿದನು. ೧೯೦೯ರ ಮಾದರಿಯು ಸುಮಾರು ೧೧೦ ಕಿಲೋಗ್ರಾಂ ಮಾತ್ರ ತೂಗುತ್ತಿದ್ದಿತು. ರೆಕ್ಕೆಯ ಹರವು ೫ ಮೀಟರಿಗೆ ತುಸು ಹೆಚ್ಚು. ಅದಕ್ಕೆ ಪೇಟೆಂಟು ಪಡೆಯದೆ, ಬೇಕಾದವರು ಮಾಡಿಕೊಳ್ಳಲೆಂದು ನಕ್ಷೆಗಳನ್ನು ಲೋಕಕ್ಕೆ ಬಿಟ್ಟುಕೊಟ್ಟನು. ೧೯೧೦ರಲ್ಲಿ ಅಮೆರಿಕೆಯ ಮಾಸಪತ್ರಿಕೆಯೊಂದರಲ್ಲಿ ಅವು ಅಚ್ಚಾದುವು. ವಿಮಾನವು ಮುಂದೆ ಬಾಂಬುಗಳನ್ನು ಸುರಿಯುವ ಸಾಧನವಾದುದನ್ನು ಕಂಡು ಕೊರಗಿದ ಈತನು ೧೯೩೨ರಲ್ಲಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು.

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆಯು ಅದೇ ಕನಸನ್ನು ಬಡಗಿಯ ಮಟ್ಟಕ್ಕೆ ಇಳಿಸಿದನು. ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲನೆಂಬುದು ಆತನ ಉಪದೇಶದ ಸಾರ. ೧೯೩೩ರಲ್ಲಿ ಹಾರಿದ ಆತನ ಯಂತ್ರಕ್ಕೆ ‘ಆಕಾಶದ ಹೇನು’ ಎಂಬ ಅರ್ಥ ಬರುವ ಹೆಸರು. ಇಂಗ್ಲಿಷರು ಅದನ್ನು ‘ಹಾರುವ ಚಿಗಟ’ವೆಂದರು. ಮರುವರ್ಷ ಆತನ ಗ್ರಂಥವು ಹೊರಬರಲು, ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೊಟ್ಟಿಗೆಗಳಲ್ಲಿ, ಮನೆಯ ಹಿತ್ತಿಲುಗಳಲ್ಲಿ ಜನರು ಮರವನ್ನು ಕುಯ್ಯತೊಡಗಿದರು. ಗಂಡನು ಚೌಕಟ್ಟನ್ನು ಕಟ್ಟಿದರೆ ಹೆಂಡತಿಯು ರೆಕ್ಕೆಯ ಬಟ್ಟೆಯನ್ನು ಹೊಲಿಯತಕ್ಕ ಕೆಲಸವದು. ಮಿನ್ಯೆಯು ತಾನೇ ೧೯೩೫ರಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿ ಹಾರಿ ಬಂದಾಗ ಉತ್ಸಾಹವು ತುತ್ತತುದಿಗೇರಿತು.

ಅಷ್ಟರಲ್ಲಿಯೇ ಅಪಘಾತಗಳೂ ತೊಡಗಿದುವು. ಈ ಯಂತ್ರದಲ್ಲಿ ಒಂದರ ಹಿಂದೆ ಒಂದಾಗಿ ಎರಡು ರೆಕ್ಕೆಗಳಿದ್ದುವು. ಚಾಲಕನು ಹಿಡಿಕೆಯನ್ನೆಳೆದರೆ ಮುಂದಣ ರೆಕ್ಕೆಯೇ ವಾಲಿ ಯಂತ್ರವು ಮೇಲೇರುತ್ತಿದ್ದಿತು. ಆದರೆ ಯಂತ್ರವು ಒಂದು ಮಿತಿಯನ್ನು ಮೀರಿ ಮುಗ್ಗರಿಸಿತೆಂದರೆ, ಹಿಡಿಕೆಯನ್ನೆಳೆದಷ್ಟೂ ಎರಡು ರೆಕ್ಕೆಗಳ ನಡುವಣ ಸಂದಿನಲ್ಲಿ ನುಗ್ಗುವ ಗಾಳಿಯು ಹಿಂದಣ ರೆಕ್ಕೆಯನ್ನೇ ಎತ್ತುತ್ತಿದ್ದಿತು. ಮೂತಿಯು ಮತ್ತೂ ಕೆಳಗಾಗುತ್ತಿದ್ದಿತು. ತಪ್ಪಿಸಿಕೊಳ್ಳಲು ಮಾಡಿದ ಪ್ರಯತ್ನವೇ ನಾಶಕ್ಕೆ ಕಾರಣವಾಗುತ್ತಿದ್ದಿತು. ೧೯೩೬ರಲ್ಲಿ ಫ್ರಾನ್ಸಿನ ಮತ್ತು ಇಂಗ್ಲೆಂಡಿನ ಗಾಳಿಸುರಂಗಗಳಲ್ಲಿ ಪರೀಕ್ಷಿಸಿದಾಗ ಈ ದೋಷವು ಬಯಲಾಯಿತು. ಯಂತ್ರಗಳಿಗೆ ನಿಷೇಧವೂ ಬಂದಿತು. ಮಿನ್ಯೆಯು ತರುವಾಯ ದೋಷವನ್ನು ತಿದ್ದಿದನಾದರೂ ಹೋದ ನಂಬಿಕೆಯು ಮರಳಲಿಲ್ಲ. ಉತ್ಸಾಹವು ಪರೀಕ್ಷೆಗಿಂತ ಮುಂದಾಗಿ ಓಡಿದರೆ ಒದಗುವ ಹಾನಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಇಂದಿನ ಹಗುರ ವಿಮಾನದ ರೆಕ್ಕೆಯು ಹುಟ್ಟಿದುದು ಅಡಿಗೆಮನೆಯ ಪರದೆಯಿಂದ ಎಂದರೆ ಆಶ್ಚರ್ಯವಾದೀತು. ಫ್ರಾನ್ಸಿಸ್ ರೊಗಾಲೊ ಎಂಬಾತನು ಅಮೆರಿಕೆಯ ಸರ್ಕಾರದ ವಿಮಾನಸಂಶೋಧನ ಕೇಂದ್ರದಲ್ಲಿ ಎಂಜಿನಿಯರನಾಗಿದ್ದನು. ೧೯೪೮ರಲ್ಲಿ ಆತನೂ ಪತ್ನಿ ಗರ್ಟ್ರೂಡಳೂ ಮನೆಯಲ್ಲಿಯೇ ಬೀಸಣಿಗೆಯ ಯಂತ್ರವನ್ನಿಟ್ಟು ಗಾಳಿಸುರಂಗವನ್ನು ಮಾಡಿಕೊಂಡು, ಗಟ್ಟಿಯಾದ ಚೌಕಟ್ಟಿಲ್ಲದೆ ಗಾಳಿಯಿಂದಲೇ ಆಕಾರವನ್ನು ತಳೆಯುವ ರೆಕ್ಕೆಯೊಂದನ್ನು ಕಂಡುಹಿಡಿದರು. ಹಳೆಯ ಪರದೆಯ ಬಟ್ಟೆಯಿಂದ ಅದನ್ನು ಹೊಲಿದವಳು ಗರ್ಟ್ರೂಡಳು. ೧೯೫೧ರಲ್ಲಿ ದೊರೆತ ಪೇಟೆಂಟಿನಲ್ಲಿ ಇಬ್ಬರ ಹೆಸರೂ ಇದೆ. ಆಕಾಶನೌಕೆಗಳನ್ನು ನೆಲಕ್ಕಿಳಿಸಲು ಈ ರೆಕ್ಕೆಯನ್ನು ಬಳಸಬೇಕೆಂದು ನಾಸಾ ಸಂಸ್ಥೆಯು ಕೆಲವು ಕಾಲ ಯೋಚಿಸಿ ಕೈಬಿಟ್ಟಿತು. ಅವರು ಬಿಟ್ಟುದನ್ನು ವಿನೋದಪ್ರಿಯರು ಎತ್ತಿಕೊಂಡರು. ೧೯೬೩ರಲ್ಲಿ ಆಸ್ಟ್ರೇಲಿಯದ ಗ್ರಾಫ್ಟನ್ ಪಟ್ಟಣದಲ್ಲಿ ಜಾನ್ ಡಿಕನ್‌ಸನ್ ಎಂಬಾತನು ಇದರ ಕೆಳಗೆ ತ್ರಿಕೋನಾಕಾರದ ಹಿಡಿಕೆಯನ್ನು ಜೋಡಿಸಿದನು. ಹಿಡಿಕೆಯನ್ನು ಅತ್ತಿತ್ತ ದೂಡಿ ದೇಹದ ಭಾರವನ್ನು ಜರುಗಿಸಿದರೆ ರೆಕ್ಕೆಯು ಹೇಳಿದಂತೆ ಕೇಳುತ್ತಿದ್ದಿತು. ೧೯೭೧ನೆಯ ಮೇ ೨೩ರಂದು ಕ್ಯಾಲಿಫೋರ್ನಿಯದ ಗುಡ್ಡವೊಂದರಲ್ಲಿ ಗೆಳೆಯರು ಇಂತಹ ರೆಕ್ಕೆಗಳೊಡನೆ ನೆರೆದು ಹಾರಿದರು. ಅದು ಲಿಲಿಯೆಂಥಾಲನು ಹುಟ್ಟಿದ ದಿನ. ೧೯೭೫ರಲ್ಲಿ ಜಾನ್ ಮೂಡಿ ಎಂಬಾತನು ವಿಸ್ಕಾನ್ಸಿನ್ ಪ್ರಾಂತದ ಹೆಪ್ಪುಗಟ್ಟಿದ ಸರೋವರದ ಮೇಲಿಂದ, ಹೆಗಲಿಗೆ ತೊಡುವ ರೆಕ್ಕೆಗೆ ಸುಮಾರು ೧೨ ಅಶ್ವಶಕ್ತಿಯ ಎಂಜಿನನ್ನು ಕೂಡಿಸಿ ಮೇಲೆದ್ದನು. ಗುಡ್ಡದ ಹಂಗು ಅಲ್ಲಿಗೆ ತಪ್ಪಿತು.

ಜನರು ನೂರಾರಾಗಿ ಹಾರತೊಡಗಿದ ಮೇಲೆ ಸರ್ಕಾರವು ಸುಮ್ಮನಿರಲಾದೀತೆ? ಅಮೆರಿಕೆಯಲ್ಲಿ ೧೯೮೨ರಲ್ಲಿ ಜಾರಿಗೆ ಬಂದ ನಿಯಮವು ವಿಚಾರಾರ್ಹವಾಗಿದೆ. ಎಂಜಿನುಳ್ಳ ಅಲ್ಟ್ರಾಲೈಟಿನ ತೂಕವು ೨೫೪ ಪೌಂಡಿಗೆ, ಎಂದರೆ ಸುಮಾರು ೧೧೫ ಕಿಲೋಗ್ರಾಮಿಗೆ ಕಡಮೆಯಿರಬೇಕು; ಪೆಟ್ರೋಲು ೧೯ ಲೀಟರನ್ನು ಮೀರಬಾರದು; ವೇಗವು ಗಂಟೆಗೆ ಸುಮಾರು ೧೦೦ ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು; ಹಗಲಿನಲ್ಲಿಯೇ ಹಾರಬೇಕು; ಊರುಗಳ ಮೇಲೆ ಹಾರಕೂಡದು; ವಿನೋದಕ್ಕಲ್ಲದೆ ಸಂಪಾದನೆಗೆ ಬಳಸಕೂಡದು. ಇಷ್ಟನ್ನು ನಡೆಸಿದವನಿಗೆ ಪರವಾನಗಿಯ ಅಗತ್ಯವಿಲ್ಲ. ಆದರೆ ಆಸನವು ಒಂದೇ ಇರಬೇಕು.

ಈ ಕಡೆಯ ಮಾತಿನಲ್ಲಿಯೇ ಧರ್ಮಸೂಕ್ಷ್ಮವಿದೆ. ಒಬ್ಬನು ತನ್ನ ಪ್ರಾಣವನ್ನು ತಾನೇ ಪಣವಾಗಿಟ್ಟರೆ ರಾಜ್ಯವು ಒಂದಿಷ್ಟು ಸೈರಿಸಬಹುದು. ಹೆಂಡತಿಯನ್ನೂ ಮಕ್ಕಳನ್ನೂ ಗೆಳೆಯನನ್ನೂ ಪಣವಾಗಿಡಲು ಅವನಿಗೆ ಅಧಿಕಾರವಿಲ್ಲ. ದ್ಯೂತಸಭೆಯಲ್ಲಿ ಧರ್ಮರಾಯನು ಮರೆತ ನ್ಯಾಯವೇ ಇದು. ಜೊತೆಯವರನ್ನು ಕೂರಿಸಿಕೊಳ್ಳಬೇಕೆಂದರೆ ಶಿಕ್ಷಣವೂ ಪರೀಕ್ಷೆಯೂ ಪರವಾನಗಿಯೂ ಬೇಕು, ಯಂತ್ರವೂ ನೋಂದಣಿಯಾಗಿರಬೇಕು. ಭಾರತದಲ್ಲಿಯೂ ಮೈಕ್ರೋಲೈಟಿಗೆ ನೋಂದಣಿಯೂ, ನಡೆಸುವವರಿಗೆ ಪರವಾನಗಿಯೂ ಅವಶ್ಯವೇ. ಪ್ರೀತಿಯು ಹೆಚ್ಚಾದಷ್ಟೂ ಕಟ್ಟಳೆಯು ಬಿಗಿಯಾಗತಕ್ಕದ್ದೆಂಬುದನ್ನು ಬಲ್ಲ ಯಾವ ಗೃಹಸ್ಥನೂ ಇದಕ್ಕೆ ಬೇಸರಿಸಲಾರನು.

ಹಾಗೆಂದು ಒಂಟಿ ಆಸನವು ಸಂತೋಷವನ್ನು ಒಂಟಿಯಾಗಿಸಲಿಲ್ಲ. ಹಗುರವಾದ ಯಂತ್ರಕ್ಕೆ ನಡುಹಗಲಿನ ಬಿಸಿಗಾಳಿಯ ಕುಲುಕಾಟವು ಆಗದು. ಆದುದರಿಂದ ಸೂರ್ಯೋದಯದ ವೇಳೆಯೂ ಸಂಜೆಯ ವೇಳೆಯೂ ಇದಕ್ಕೆ ಪ್ರಶಸ್ತ. ಮುಂಜಾವಿನಲ್ಲಿ ಹುಲ್ಲಿನ ಮೈದಾನದಲ್ಲಿ ಮನೆಯವರೆಲ್ಲ ನೆರೆದು, ಒಬ್ಬರು ರೆಕ್ಕೆಯನ್ನು ಹಿಡಿದು, ಒಬ್ಬರು ತಂತಿಗಳ ಬಿಗಿಯನ್ನು ನೋಡಿ, ಮತ್ತೊಬ್ಬರು ಗಾಳಿಬಟ್ಟೆಯತ್ತ ಕಣ್ಣಿಟ್ಟಿರುವರು. ಗೆಳೆಯರು ಎರಡು ಮೂರು ಯಂತ್ರಗಳಲ್ಲಿ ಅಕ್ಕಪಕ್ಕದಲ್ಲಿ ಹಾರಿ, ಪಕ್ಕದ ಮೈದಾನದಲ್ಲಿಳಿದು ಉಪಾಹಾರ ಮಾಡಿ ಮರಳುವುದುಂಟು. ಕೆನಡದ ಬಿಲ್ ಲಿಶ್ಮನ್ ಎಂಬ ಶಿಲ್ಪಿಯು ಪಕ್ಷಿಗಳನ್ನೇ ಗೆಳೆಯರನ್ನಾಗಿ ಮಾಡಿಕೊಂಡನು. ಮರಿಯಾಗಿದ್ದಾಗಿನಿಂದ ಸಾಕಿದ ಬಾತುಗಳು ೧೯೮೮ರಲ್ಲಿ ಆತನ ಅಲ್ಟ್ರಾಲೈಟಿನ ಹಿಂದೆ ಸಾಲಾಗಿ ಹಾರಿದುವು. ೧೯೯೩ರಲ್ಲಿ ೧೮ ಬಾತುಗಳು ಆತನನ್ನೂ ಗೆಳೆಯನನ್ನೂ ಅನುಸರಿಸಿ ಒಂಟಾರಿಯೊದಿಂದ ವರ್ಜೀನಿಯದವರೆಗೆ ಹಾರಿದುವು. ಅಳಿವಿನ ಅಂಚಿನಲ್ಲಿದ್ದ ಅಮೆರಿಕೆಯ ಬಿಳಿಯ ಕ್ರೌಂಚಗಳಿಗೆ ವಲಸೆಯ ದಾರಿಯನ್ನು ಕಲಿಸಲು ೨೦೦೧ರಿಂದ ಹಲವು ವರ್ಷ ಇದೇ ಉಪಾಯವು ನೆರವಾಯಿತು. ಹಕ್ಕಿಯಿಂದ ವಿದ್ಯೆ ಕಲಿತ ಮಾನವನು ಹಕ್ಕಿಗೆ ಗುರುದಕ್ಷಿಣೆಯನ್ನು ಸಲ್ಲಿಸಿದಂತಾಯಿತು.

ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿಲ್ಲದೆ ಇಲ್ಲ. ವಿಜಯಪತ ಸಿಂಘಾನಿಯ ಎಂಬ ಉದ್ಯಮಿಯು ೧೯೮೮ರಲ್ಲಿ ಲಂಡನ್ನಿನಿಂದ ಅಹಮದಾಬಾದಿನವರೆಗೆ ೨೩ ದಿನಗಳಲ್ಲಿ ಮೈಕ್ರೋಲೈಟಿನಲ್ಲಿ ಹಾರಿ ಬಂದನು. ಅದಕ್ಕೂ ಮುಂಚೆ, ೧೯೫೮ರಲ್ಲಿ, ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಚಿಕ್ಕ ವಿಮಾನವೊಂದು ಸಿದ್ಧವಾಗಿ ಹಾರಿತು. ಬಟ್ಟೆ ಹೊದಿಸಿದ ಮೈ, ೯೦ ಅಶ್ವಶಕ್ತಿಯ ಎಂಜಿನು, ಪಕ್ಕಪಕ್ಕದಲ್ಲಿ ಎರಡು ಆಸನ. ನಿಯಮದ ಪ್ರಕಾರ ಅದು ಅಲ್ಟ್ರಾಲೈಟ್ ಅಲ್ಲ. ಆದರೆ ಹಗುರ ವಿಮಾನಗಳ ಬಳಗಕ್ಕೆ ಸೇರಿದುದೇ ಸರಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಅದರಲ್ಲಿ ಎಷ್ಟೋ ಮಂದಿ ತರುಣರು ಮೊದಲ ಸಲ ನೆಲವನ್ನು ಬಿಟ್ಟರು. ಅದಕ್ಕೆ ಇಟ್ಟ ಹೆಸರು ‘ಪುಷ್ಪಕ’.

ಆದಿಕಾವ್ಯದ ಪುಷ್ಪಕಕ್ಕೆ ಎಷ್ಟು ಜನ ಹತ್ತಿದರೂ ಸ್ಥಳವಿದ್ದಿತು; ಬೆಂಗಳೂರಿನ ಪುಷ್ಪಕದಲ್ಲಿ ಇಬ್ಬರಿಗೆ ಮಾತ್ರ. ಆದರೂ ಆ ಎರಡನೆಯ ಆಸನವು ಸುಲಭವಾಗಿ ದೊರೆತುದಲ್ಲ. ಲಿಲಿಯೆಂಥಾಲನ ಮನೆಯ ಶೋಕ, ಮಿನ್ಯೆಯನ್ನು ನಂಬಿ ಬಿದ್ದವರ ಸಾವು, ಗಾಳಿಸುರಂಗಗಳಲ್ಲಿ ತಾಳ್ಮೆಯಿಂದ ನಡೆದ ಪರೀಕ್ಷೆಗಳು, ಇವೆಲ್ಲವೂ ಸೇರಿ ಅದನ್ನು ಸಂಪಾದಿಸಿಕೊಟ್ಟುವು. ಇದನ್ನರಿತು, ಯಂತ್ರವನ್ನು ಪ್ರತಿಸಲವೂ ಪರಿಶೀಲಿಸಿ, ಗಾಳಿಯನ್ನು ನೋಡಿ, ಸಂದೇಹವಿದ್ದ ದಿನ ನೆಲದಲ್ಲಿಯೇ ಉಳಿಯಬಲ್ಲವನು ಮಾತ್ರ ತನ್ನವರನ್ನು ಆ ಆಸನದಲ್ಲಿ ಕೂರಿಸಿಕೊಂಡು ಕೆಳಗಣ ಕೆರೆಯನ್ನೂ ತೋಟವನ್ನೂ ತಮ್ಮ ಮನೆಯ ಹಂಚಿನ ಮಾಡನ್ನೂ ಬೆರಳು ಮಾಡಿ ತೋರಿಸಲು ಅರ್ಹನೆನ್ನಬಹುದು.