ಅಂಕಿತವೂ ಕಾವ್ಯನಾಮವೂ

ನಾವು ಬ್ಯಾಂಕಿನ ಗುಮಾಸ್ತರು. ಓದಿದ್ದು ವಾಣಿಜ್ಯಶಾಸ್ತ್ರ. ಸಾಹಿತ್ಯಚರಿತ್ರೆಯ ಮಾತನ್ನೆತ್ತಲು ನಮಗೇನು ಅಧಿಕಾರವೆಂದು ಪಂಡಿತರು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಹೆಸರು ಎಂಬ ಪದಾರ್ಥದೊಡನೆ ದಿನಬೆಳಗಾದರೆ ಹೆಣಗುವವರಲ್ಲಿ ನಾವೂ ಒಬ್ಬರು. ಚೆಕ್ಕಿನ ಮೇಲೊಂದು ಹೆಸರು, ಖಾತೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮೂರನೆಯದು. ಇವು ಮೂರೂ ಕೂಡಿಬರುವವರೆಗೆ ನಮ್ಮ ಕೌಂಟರಿನಲ್ಲಿ ಹಣ ಅಲುಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬ್ಯಾಂಕಿಗೆ ಬಂದರು. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಅರ್ಧ ಶತಮಾನವಾಗಿದೆ. ಒಂದು ಕಾವ್ಯನಾಮದಿಂದ ನಲವತ್ತು ವರ್ಷ ಕಥೆ ಬರೆದವರು. ಯಾವುದೋ ಪತ್ರಿಕೆಯವರು ಏಳುನೂರೈವತ್ತು ರೂಪಾಯಿಯ ಚೆಕ್ಕು ಕಳಿಸಿದ್ದರು, ಕಾವ್ಯನಾಮಕ್ಕೆ. ಆ ಹೆಸರಿನಲ್ಲಿ ಖಾತೆಯಿಲ್ಲ, ಗುರುತಿನ ಚೀಟಿಯಿಲ್ಲ. ನಾವು ಸಂಕೋಚದಿಂದ ಚೆಕ್ಕನ್ನು ಹಿಂದಕ್ಕೆ ಕೊಟ್ಟೆವು. ರಾಯರು ಕನ್ನಡಕ ತೆಗೆದು ನಮ್ಮನ್ನೇ ನೋಡಿದರು. "ಏನ್ರೀ ತಮ್ಮಾ, ಈ ಹೆಸರಿನಾಂವ ನಾನ ಅಲ್ಲೇನು? ಧಾರವಾಡದಾಗ ಯಾರನ್ನ ಬೇಕಾದರೂ ಕೇಳ್ರಿ!" ಎಂದರು. ಧಾರವಾಡವನ್ನು ಕೇಳಿ ಹಣ ಕೊಡಲು ನಿಯಮ ಅವಕಾಶ ಕೊಡುವುದಿಲ್ಲವಲ್ಲ! ರಾಯರು ಚೆಕ್ಕನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ನಮಗೆ ಅಂದು ರಾತ್ರಿ ಊಟ ರುಚಿಸಲಿಲ್ಲ. ಕನ್ನಡಿಗರು ತಮ್ಮ ಬರಹದ ಕೆಳಗೆ ಇನ್ನೊಂದು ಹೆಸರನ್ನು ಏಕೆ ಬರೆಯುತ್ತ ಬಂದರು ಎಂಬ ವಿಚಾರ ಅಂದಿನಿಂದ ತಲೆಯನ್ನು ಹೊಕ್ಕಿದೆ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ನೃಪತುಂಗನೇ ಬರೆದನೋ ಶ್ರೀವಿಜಯನು ಬರೆದನೋ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದರು. ಖಾತೆ ಅರಸನದು, ಸಹಿ ಕವಿಯದು ಎಂಬುದು ನಮ್ಮ ಗುಮಾಸ್ತಬುದ್ಧಿಗೆ ತೋರುವ ಸಮಾಧಾನ. ಇರಲಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ವಿಷಯ ಹೊಸದೊಂದು ರೂಪವನ್ನು ತಾಳಿತು. ವಚನದ ಕೊನೆಯಲ್ಲಿ ಬರುವುದು ಬರೆದವರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ತಾವು ಆಡಿದ ಮಾತನ್ನು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳದೆ ಒಡೆಯನ ಲೆಕ್ಕಕ್ಕೆ ಬರೆದರು. ಆದರೂ ಅಂಕಿತವನ್ನು ಕಂಡೊಡನೆ ವಚನ ಯಾರದೆಂದು ತಿಳಿಯುತ್ತದೆ. ತನ್ನನ್ನು ಮರೆಸಿಯೂ ಗುರುತು ಉಳಿಸುವ ಉಪಾಯವಿದು.

ಇವುಗಳಲ್ಲಿ ಎರಡು ಅಂಕಿತಗಳು ನಮಗೆ ವಿಶೇಷವಾಗಿ ಪ್ರಿಯವಾದವು. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಮಡದಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ದೇವರೊಬ್ಬನೇ, ನಡುವೆ ಗಂಡನ ಹೆಸರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದು ಜಾಯಿಂಟ್ ಅಕೌಂಟು. ಹಾಗೆಂದು ಲಕ್ಕಮ್ಮ ಗಂಡನಿಗೆ ಹೆದರಿ ನಡೆದವಳೆಂದು ತಿಳಿಯಬಾರದು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಗಂಡನಿಗೆ ಹೇಳಿದವಳು ಆಕೆ. ಇನ್ನೊಂದು, ಅಂಬಿಗರ ಚೌಡಯ್ಯನದು. ಈತ ದೇವರ ಹೆಸರನ್ನೂ ಎರವಲು ತರಲಿಲ್ಲ. ತನ್ನ ಹೆಸರನ್ನೂ ತನ್ನ ಕಸುಬನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನು ಹುಟ್ಟು ಹಿಡಿದ ಕೈಯಿಂದಲೇ ರುಜು ಹಾಕಿದಂತಿದೆ.

ಅಂಕಿತವೆಂದರೆ ಅಲಂಕಾರವಲ್ಲ ಎನ್ನಲು ನಮ್ಮ ಕಾಲದಲ್ಲೇ ಸಾಕ್ಷಿಯುಂಟು. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವನ ಬದಲು ಲಿಂಗದೇವ ಎಂದು ಹಾಕಿ ಮಾತೆ ಮಹಾದೇವಿಯವರು ಹೊರತಂದ 'ವಚನದೀಪ್ತಿ'ಯನ್ನು ಕರ್ನಾಟಕ ಸರ್ಕಾರವು 1998ರಲ್ಲಿ ನಿಷೇಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಆ ನ್ಯಾಯಾಲಯವೂ ನಿಷೇಧವನ್ನು ಎತ್ತಿಹಿಡಿಯಿತು. ಎಂಟುನೂರು ವರ್ಷ ಕಳೆದ ಮೇಲೂ ರುಜು ಬದಲಾಯಿಸಿದ್ದಕ್ಕೆ ದಾವೆ!

ದಾಸರಲ್ಲಿ ಅಂಕಿತವನ್ನು ತಾನಾಗಿ ಇಟ್ಟುಕೊಳ್ಳುವಂತಿರಲಿಲ್ಲ, ಗುರು ಕೊಡಬೇಕು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಒಂದೇ ವಿಠಲನ ಮನೆತನ ಬೆಳೆಯಿತು. ಕನಕದಾಸರು ಮಾತ್ರ ತಮ್ಮ ಕಾಗಿನೆಲೆಯ ಆದಿಕೇಶವನನ್ನು ಬಿಡಲಿಲ್ಲ. ಹೆಳವನಕಟ್ಟೆಯ ಗಿರಿಯಮ್ಮ ತನ್ನ ಊರಿನ ರಂಗನನ್ನು ಬಿಡಲಿಲ್ಲ. ಊರನ್ನು ಹೆಸರಿನಲ್ಲಿ ಹೊತ್ತು ತಿರುಗುವ ಈ ಮಮತೆ ಊರು ಬಿಟ್ಟು ಬಂದ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಗದುಗಿನ ನಾರಣಪ್ಪನೂ ವೀರನಾರಾಯಣನ ಹೆಸರಿನಲ್ಲೇ ಭಾರತವನ್ನು ಬರೆದ. ಆದರೆ ತನ್ನನ್ನು ಕುಮಾರವ್ಯಾಸ, ಎಂದರೆ ವ್ಯಾಸನ ಮಗ, ಎಂದು ಕರೆದುಕೊಂಡದ್ದರಲ್ಲಿ ವಿನಯವೆಷ್ಟು, ಹಕ್ಕುದಾರಿಕೆಯೆಷ್ಟು ಎಂದು ವಾಚಕರೇ ತೂಗಿ ನೋಡಬೇಕು. ತೊರವೆಯಲ್ಲಿ ಮುಂದೆ ಒಬ್ಬ ಕುಮಾರವಾಲ್ಮೀಕಿಯೂ ಆದ.

ಇಲ್ಲಿಯವರೆಗೆ ಹೇಳಿದ ಹೆಸರುಗಳು ಯಾವುವೂ ಅಡಗಿಕೊಳ್ಳಲು ಇಟ್ಟವಲ್ಲ. ಅಡಗಿಕೊಂಡವನು ಒಬ್ಬನಿದ್ದಾನೆ. ಅವನ ಮಾತು ಬಂದಾಗ ನಮ್ಮ ಲೇಖನಿ ಸ್ವಲ್ಪ ನಿಧಾನಿಸುತ್ತದೆ.

ಈಗಿನ ಉಡುಪಿ ಜಿಲ್ಲೆಯ ನಂದಳಿಕೆಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪ ಎಂಬ ಬಡ ಹುಡುಗ ಹುಟ್ಟಿದ. ಬೆಳೆದು ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾದ. ಹಗಲು ಹುಡುಗರಿಗೆ ಕೈಕಾಲು ಎತ್ತಿಳಿಸಲು ಕಲಿಸುವುದು. ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳ ಸಹವಾಸ. ಅದ್ಭುತರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧಗಳು ಅವನ ಕೈಯಿಂದ ಹೊರಟವು. ಮೈಸೂರಿನಿಂದ ಆಗ ಹಳೆಯ ಕಾವ್ಯಗಳನ್ನು ಪ್ರಕಟಿಸುವ ಪತ್ರಿಕೆ ಹೊರಡುತ್ತಿತ್ತು. ಡ್ರಿಲ್ ಮಾಸ್ತರನ ಹೊಸ ಕಾವ್ಯವನ್ನು ಯಾರು ಓದುತ್ತಾರೆ? ಅವನು ಅವನ್ನು ಮುದ್ದಣನೆಂಬ ಹಿಂದಿನ ಕವಿಯ ಕೃತಿಗಳೆಂದು ಹೇಳಿ ಕಳಿಸಿಬಿಟ್ಟ! ಮುದ್ದಣ ಎಂಬುದು ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಮುದ್ದಿನ ಹೆಸರು.

ಪತ್ರಿಕೆಯವರು ನಂಬಿದರು, ಅಚ್ಚು ಹಾಕಿದರು. ರಾಮಾಶ್ವಮೇಧದಲ್ಲಿ ಮಳೆಗಾಲದ ದಿನ ಮನೆಗೆ ಬಂದ ಮುದ್ದಣನೂ ಕಥೆ ಹೇಳೆಂದು ಕಾಡುವ ಮಡದಿ ಮನೋರಮೆಯೂ ಆಡುವ ಸರಸದ ಮಾತು ಈಗಿನ ಯಾವ ಗಂಡಹೆಂಡಿರಿಗೂ ಒಪ್ಪುವಂಥದು. ಅದನ್ನು ಹಳೆಯ ಕಾಲದ ಕವಿ ಬರೆದನೆಂದು ನಂಬಿದವರ ಮುಗ್ಧತೆಗೆ ನಗು ಬರುತ್ತದೆ. ಆದರೆ ನಗುವುದು ಕಷ್ಟ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿಗೇ, ಕ್ಷಯರೋಗದಿಂದ ಲಕ್ಷ್ಮೀನಾರಣಪ್ಪ ತೀರಿಕೊಂಡ. ಮುದ್ದಣನೆಂದರೆ ಈತನೇ ಎಂದು ನಾಡಿಗೆ ತಿಳಿದದ್ದು ಅನೇಕ ವರ್ಷಗಳ ಮೇಲೆ. ಹೊಗಳಿಕೆಯೆಲ್ಲ ಇಲ್ಲದ ಒಬ್ಬ ಪ್ರಾಚೀನನ ಖಾತೆಗೆ ಜಮೆಯಾಗುತ್ತಿದ್ದಾಗ ನಿಜವಾದ ಖಾತೆದಾರ ಕೆಮ್ಮುತ್ತ ಮಲಗಿದ್ದ. ಆ ವಯಸ್ಸನ್ನು ನಾವೀಗ ದಾಟಿದ್ದೇವೆ. ಅವನ ಹೆಸರಿನ ಅಳತೆ ತೆಗೆಯಲು ನಮಗೆ ಧೈರ್ಯ ಸಾಲದು.

ಮುಂದಿನ ಪೀಳಿಗೆ ಕಾವ್ಯನಾಮವನ್ನು ಹಗಲ ಬೆಳಕಿಗೆ ತಂದಿತು. ಪಂಜೆ ಮಂಗೇಶರಾಯರು 'ಕವಿಶಿಷ್ಯ' ಎಂದರು. ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಗಳಾಗಿದ್ದ ಮಾಸ್ತಿಯವರು 'ಶ್ರೀನಿವಾಸ'ರಾಗಿ ಸಣ್ಣ ಕಥೆ ಹೇಳಿದರು. ಗೋಕಾಕರು ತಮ್ಮ ಸ್ವಂತ ಹೆಸರಾದ ವಿನಾಯಕವನ್ನೇ ಕಾವ್ಯನಾಮ ಮಾಡಿಕೊಂಡರು. ಪುಟ್ಟಪ್ಪನವರು 1922ರಲ್ಲಿ ಮೊದಲ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯಿರೆಂದ ಮೇಲೆ ಕನ್ನಡಕ್ಕೆ ತಿರುಗಿದರು. ಎಳೆಯ ವಯಸ್ಸಿನಲ್ಲಿ ಅವರು ಇಟ್ಟುಕೊಂಡಿದ್ದ 'ಕಿಶೋರಚಂದ್ರವಾಣಿ' ಎಂಬ ಹೆಸರು ನಿಲ್ಲಲಿಲ್ಲ. ನಿಂತದ್ದು ಕುವೆಂಪು: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ತಾನು. ಪೂರ್ತಿ ವಿಳಾಸವೇ ಮೂರಕ್ಷರದಲ್ಲಿದೆ. ಡಿ.ವಿ.ಜಿ., ವೀ.ಸೀ., ಪು.ತಿ.ನ., ಅ.ನ.ಕೃ., ತ.ರಾ.ಸು. ಇವರೆಲ್ಲ ಅದೇ ದಾರಿಯವರು. ಲೆಡ್ಜರಿನಲ್ಲಿ ತಿದ್ದಿದ ಅಂಕಿಯ ಪಕ್ಕದಲ್ಲಿ ನಾವೂ ಹೀಗೆಯೇ ಎರಡಕ್ಷರ ಹಾಕುತ್ತೇವೆ, ತಪ್ಪಿದರೆ ನಮ್ಮನ್ನೇ ಹಿಡಿಯಲೆಂದು.

ಬೇಂದ್ರೆಯವರು ತಾಯಿ ಅಂಬಿಕೆಯನ್ನು ಮುಂದಿಟ್ಟುಕೊಂಡು ಅಂಬಿಕಾತನಯದತ್ತರಾದರು. ಕವಿ ಆತ, ತಾವು ಆತನ ಮಾತನ್ನು ತಲುಪಿಸುವವರು ಎಂಬ ಧಾಟಿಯಲ್ಲಿ ಅವರು ಮಾತನಾಡುತ್ತಿದ್ದುದುಂಟು. ಆದರೆ 'ನರಬಲಿ' ಕವಿತೆಯ ಕಾರಣದಿಂದ 1932ರಲ್ಲಿ ಪೊಲೀಸರು ಬಂದಾಗ ಹಿಂಡಲಗಾ ಸೆರೆಮನೆಗೆ ಹೋದದ್ದು ಅಂಬಿಕೆಯ ಮಗನಲ್ಲ, ಮಾಸ್ತರಿಕೆಯಿಂದ ಸಂಸಾರ ನಡೆಸುತ್ತಿದ್ದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಆಮೇಲೆ ವರ್ಷಗಟ್ಟಲೆ ಸ್ಥಿರವಾದ ಕೆಲಸವಿಲ್ಲ. 1944ರಲ್ಲಿ ಸೊಲ್ಲಾಪುರದ ಕಾಲೇಜು ಅವರನ್ನು ಕರೆಯಿತು. 1956ರವರೆಗೆ ಈ ನಮ್ಮ ಕಡೆಯಲ್ಲೇ ಇದ್ದು ಪಾಠ ಹೇಳಿದರು. ಅಂಕಿತ ಕವಿಯದಾದರೂ ಸಾಲ ತೀರಿಸುವವನು ಮನುಷ್ಯ.

ಹೆಂಗಸರ ವಿಷಯವನ್ನು ಬಿಡುವಂತಿಲ್ಲ. ಸುಬ್ಬಮ್ಮನವರು 'ವಾಣಿ'ಯಾದರು. ಮನೆಯಲ್ಲಿ ಭಾಗೀರಥಿಯೆಂದೂ ಶಾಲೆಯಲ್ಲಿ ಅನಸೂಯೆಯೆಂದೂ ಹೆಸರಿದ್ದ ಹುಡುಗಿ 'ತ್ರಿವೇಣಿ'ಯಾಗಿ, ಮನೋರೋಗದಿಂದ ನರಳುವ ಹೆಂಗಸರ ಕಥೆಯನ್ನು ಕನ್ನಡ ಕಾದಂಬರಿಗೆ ತಂದರು. 1963ರಲ್ಲಿ ಅವರು ಹೋದಾಗ ಇನ್ನೂ ಮೂವತ್ತನಾಲ್ಕು. ಒಂದು ನದಿಯ ಹೆಸರಿನಿಂದ ಹೊರಟು ಮೂರು ನದಿಗಳ ಸಂಗಮಕ್ಕೆ ಬಂದದ್ದು ಬೇಕೆಂದೇ ಮಾಡಿದ ಆಯ್ಕೆಯೋ ಕಾಕತಾಳೀಯವೋ, ನಮಗಂತೂ ಚೆನ್ನೆನಿಸುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡಿದೆವು. ಲೆಕ್ಕ ನಮ್ಮ ಕಸುಬಲ್ಲವೆ? ಕನ್ನಡಕ್ಕೆ ಜ್ಞಾನಪೀಠ ತಂದ ಮೊದಲ ಐವರಲ್ಲಿ ಕುವೆಂಪು, ಬೇಂದ್ರೆ, ಮಾಸ್ತಿ, ಗೋಕಾಕ್ ನಾಲ್ವರಿಗೂ ಕಾವ್ಯನಾಮವಿತ್ತು. ಕಾರಂತರೊಬ್ಬರೇ ಅದರ ಗೊಡವೆಗೆ ಹೋಗದವರು. ಅನಂತರದ ಅನಂತಮೂರ್ತಿ, ಕಾರ್ನಾಡ, ಕಂಬಾರರು ಸ್ವಂತ ಹೆಸರಿನಲ್ಲೇ ಬರೆದರು. ನಮ್ಮ ಮುಂಬಯಿಯಲ್ಲೇ ಯಶವಂತ ಚಿತ್ತಾಲರು ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದುಕೊಂಡು, ಕಂಪನಿಗಳ ಒಳಗಿನ ಬೇಟೆಯನ್ನು ಕುರಿತ 'ಶಿಕಾರಿ'ಯನ್ನು 1979ರಲ್ಲಿ ತಮ್ಮ ಹೆಸರಿನಲ್ಲೇ ಹೊರತಂದರು. ನವ್ಯರಿಗೆ 'ನಾನು' ಎಂಬುದೇ ವಸ್ತುವಾದಾಗ ಅಂಕಿತಕ್ಕೆ ಜಾಗ ಎಲ್ಲಿ? ಇದು ನಮ್ಮ ಊಹೆ, ಬಲ್ಲವರು ತಿದ್ದಬೇಕು.

ರಾಯರ ಸಂಗತಿ ಉಳಿಯಿತು. ಹೊಸ ಚೆಕ್ಕು ತರಿಸಿಕೊಳ್ಳಿರೆಂದು ನಾವು ಹೇಳಿದ್ದೆವಷ್ಟೆ. ಮೂರು ತಿಂಗಳು ಕಳೆದರೂ ಅವರು ಬರಲಿಲ್ಲ. ಚೆಕ್ಕಿನ ಅವಧಿ ಮುಗಿಯಿತೆಂದು ಎಚ್ಚರಿಸಲು ಒಂದು ಭಾನುವಾರ ಅವರ ಮನೆಗೇ ಹೋದೆವು. ಚಹಾ ಬಂತು, ಅವಲಕ್ಕಿ ಬಂತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಆ ಚೆಕ್ಕು ತೂಗುತ್ತಿತ್ತು. "ನಲವತ್ತು ವರ್ಷದಾಗ ಆ ಹೆಸರಿಗೆ ರೊಕ್ಕ ಕೊಡ್ರಿ ಅಂತ ಬರದ ಕಾಗದ ಇದೊಂದ ನೋಡ್ರಿ. ನಿಮ್ಮ ಬ್ಯಾಂಕಿನಾಗ ಯಾಕ ಬಿಡಲಿ?" ಎಂದರು ರಾಯರು, ಮತ್ತೊಂದು ಹಿಡಿ ಅವಲಕ್ಕಿಯನ್ನು ನಮ್ಮ ತಟ್ಟೆಗೆ ಹಾಕುತ್ತ.