ದೂರದಲ್ಲಿ ಸತ್ತವರ ಹೆಸರು

ಮಳೆ ಕೈಕೊಟ್ಟ ವರ್ಷ ಗುಡೂರು ಸೀಮೆಯ ಜನ ಗುಳೆ ಹೊರಡುವುದು ಹೊಸದೇನಲ್ಲ. ಗೋವಾದಲ್ಲಿ, ಮಂಗಳೂರಿನಲ್ಲಿ ಕಟ್ಟಡ ಏಳುವಲ್ಲೆಲ್ಲ ಬಾಗಲಕೋಟೆ ಜಿಲ್ಲೆಯವರು ಕಾಣಸಿಗುತ್ತಾರೆ. ಹೀಗೆ ಹೋದವರಲ್ಲಿ ಕೆಲವರು ಅಲ್ಲಿಯೇ ಸಾಯುತ್ತಾರೆ. ಊರಿಂದ ದೂರ ಸತ್ತವನನ್ನು ಗುರುತಿಸಿ ಗೌರವಿಸುವುದು ಹೇಗೆಂಬ ಪ್ರಶ್ನೆ ಈ ನೆಲಕ್ಕೆ ಬಹಳ ಹಳೆಯದು.

ಗುಡೂರಿಗೆ ಸಮೀಪದ ಐಹೊಳೆಯನ್ನು ನಾವು ಗುಡಿಗಳಿಂದ ಬಲ್ಲೆವು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರೂ ಅದೇ. ಸುಮಾತ್ರಾದ ಬಾರೂಸ್‌ನಲ್ಲಿ ದೊರೆತ ಕ್ರಿ.ಶ. 1088ರ ತಮಿಳು ಶಾಸನ ಈ ಐನೂರ್ವರದು. ಅಷ್ಟು ದೂರ ಹೋದವರೆಲ್ಲ ಮರಳಿ ಬಂದಿರಲಾರರು.

ಅಂದಿನ ಜನ ಸತ್ತವರ ನೆನಪಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ನಡುಪಟ್ಟಿಯಲ್ಲಿ ಶಾಸನವಿದ್ದರೆ ಯಾರು, ಯಾವ ಕಾಳಗದಲ್ಲಿ ಮಡಿದನೆಂಬ ವಿವರ. ಇದು ಗೋರಿಯಲ್ಲ, ದೇಹ ಎಲ್ಲಿಯೇ ಬೀಳಲಿ, ಹೆಸರು ಕಲ್ಲಿನ ಮೇಲೆ ನಿಲ್ಲುತ್ತಿತ್ತು. ಸತ್ತವರಿಗಾಗಿ ಕಲ್ಲು ನಿಲ್ಲಿಸುವುದಕ್ಕೆ ಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಸೊಗಸಾದ ಮಾತುಂಟು. ಕಣ್ಮರೆಯಾದವರಿಗೆ ಸಲ್ಲಿಸುವ ಗೌರವ ಎಂದರ್ಥ. ಆದರೆ ವೀರಗಲ್ಲಿನ ಮರ್ಯಾದೆ ಕಾದಿ ಸತ್ತವನದು, ಕೂಲಿಗೆ ಹೋಗಿ ಸತ್ತವನದಲ್ಲ.

ಹೊಟ್ಟೆಪಾಡಿಗೆ ಗಡಿ ದಾಟಿದವರ ಸಾವು ನಮ್ಮ ಕಾಲದಲ್ಲಿ ಇದೇ ಪ್ರಶ್ನೆಯನ್ನು ತಲೆಕೆಳಗು ಮಾಡಿ ಮುಂದಿಟ್ಟಿತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು 8. ಸತ್ತ 158 ಜನರಲ್ಲಿ ಅನೇಕರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ದಕ್ಷಿಣ ಕನ್ನಡ, ಕಾಸರಗೋಡಿನವರು. ಪ್ರಯಾಣಿಕರ ಪಟ್ಟಿಯಲ್ಲಿ ಎಲ್ಲರ ಹೆಸರೂ ಇತ್ತು. ಯಾವ ಹೆಸರು ಯಾವ ದೇಹದ್ದೆಂಬುದೇ ತಿಳಿಯದಾಯಿತು. ಬಂಧುಗಳು ಉಂಗುರ, ಬಟ್ಟೆಯ ಚೂರು, ಮೈಕಟ್ಟು ನೋಡಿ ಶವಗಳನ್ನು ಒಯ್ದರು. ಉಳಿದ 22 ಶವಗಳ ಡಿಎನ್ಎ ಪರೀಕ್ಷೆ ಹೈದರಾಬಾದಿನಲ್ಲಿ ನಡೆದಾಗ 10 ಮಾತ್ರ ಹೊಂದಿದವು. ಅವಸರದ ಗುರುತಿನಲ್ಲಿ ಕೆಲವು ಶವಗಳು ಅದಲುಬದಲಾಗಿದ್ದವೆಂಬುದು ಪರೀಕ್ಷಿಸಿದವರ ತೀರ್ಮಾನ. ಎಂದರೆ, ಯಾವುದೋ ಮನೆಯವರು ಮತ್ತಾರದೋ ಮಗನನ್ನು ಮಣ್ಣು ಮಾಡಿದ್ದಾರೆ. ಗುರುತು ಸಿಗದ 12 ಮಂದಿಯನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲಿ ಹೂಳಲಾಯಿತು. ಬಳಿಕ ಅಲ್ಲಿ ಸ್ಮಾರಕ ಎದ್ದಿತು. ವೀರಗಲ್ಲಿನ ಬಳಿ ಹೆಸರಿದೆ, ದೇಹವಿಲ್ಲ. ಕೂಳೂರಿನ ಮಣ್ಣಿನಲ್ಲಿ ದೇಹವಿದೆ, ಅದರ ಹೆಸರು ಯಾವುದೆಂದು ಹೇಳುವವರಿಲ್ಲ.

ವಿಮಾನದಲ್ಲಿ ಬಂದವರಿಗೆ ಪಟ್ಟಿಯಾದರೂ ಇತ್ತು. ಗೋವಾಕ್ಕೆ ಬಸ್ಸು ಹತ್ತಿದವನಿಗೆ ಅದೂ ಇರುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಅಪಘಾತದಲ್ಲಿ ಕಾರ್ಮಿಕ ಸತ್ತರೆ ಗುತ್ತಿಗೆದಾರ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಹತ್ತಿರದ ಬಂಧುವಿಗೂ ತಿಳಿಸಬೇಕೆಂದು ವಿಧಿಸಿತ್ತು. ಗುತ್ತಿಗೆದಾರನಿಲ್ಲದೆ ತಾನೇ ಕೆಲಸ ಹುಡುಕಿ ಹೋದವನು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಂಥವನು ಸತ್ತರೆ ಪೊಲೀಸರ ‘ಅಪರಿಚಿತ ಶವ’ ಪ್ರಕಟಣೆಯೇ ಗತಿ: ಅಂದಾಜು ವಯಸ್ಸು, ಎತ್ತರ, ಅಂಗಿಯ ಬಣ್ಣ, ಕೈಮೇಲೆ ಹಚ್ಚೆಯಿದ್ದರೆ ಅದರಲ್ಲಿರುವ ಅಕ್ಷರ.